ಪೂಲ್: ಕ್ಯೂ (ಆಡೋ ಕೋಲು) ನೆಟ್ಟಗೆ ಹೋಗೋಕೆ ಟ್ರೇನಿಂಗ್ ಗ್ಯಾಜೆಟ್ ತಗೊಂಡ್ರೆ ನಿಜವಾಗ್ಲೂ ಕೈ ಸರಿಹೋಗುತ್ತಾ?

ಥಾಣೆ_ಮೈಸೂರಿಗ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವನು, ಕೆಲಸಕ್ಕೆ ಅಂತ ಥಾಣೆಗೆ ಬಂದು ನಾಲ್ಕು ವರ್ಷ ಆಯ್ತು. ಆಫೀಸಿನವರ ಜೊತೆ ಶನಿವಾರ ಸಂಜೆ ಪೂಲ್ (ಬಿಲಿಯರ್ಡ್ಸ್ ಥರ, ಕೋಲಲ್ಲಿ ಹೊಡೆದು ಬಾಲನ್ನ ಟೇಬಲ್ಲಿನ ಪಾಕೆಟ್ಟಿಗೆ ಬೀಳಿಸೋ ಆಟ) ಆಡೋಕೆ ಹೋಗ್ತಿದ್ದೆ, ಮೊದಲು ಅದು ಬರೀ ಹೊತ್ತು ಕಳೆಯೋಕೆ, ಈಗ ಹಂಗಿಲ್ಲ, ವಾರದಲ್ಲಿ ಎರಡು ದಿನ ಒಬ್ಬನೇ ಹೋಗಿ ಒಂದೊಂದು ಗಂಟೆ ಟೇಬಲ್ ತಗೊಂಡು ಪ್ರಾಕ್ಟೀಸ್ ಮಾಡ್ತೀನಿ, ಸ್ವಂತ ಕ್ಯೂ ತಗೊಂಡಿದೀನಿ, 58 ಇಂಚು, 19 ಔನ್ಸು, 13 ಎಂಎಂ ಟಿಪ್ಪು (ಬಾಲಿಗೆ ತಾಗೋ ತುದಿ). ರಾತ್ರಿ ಮಲಗಿದ್ರೂ ತಲೆಲಿ ಶಾಟ್ ಓಡ್ತಿರುತ್ತೆ.

ನನ್ನ ತೊಂದರೆ ನೇರ ಶಾಟು. ಕಟ್ ಶಾಟ್, ಅಂದ್ರೆ ಬಾಲಿಗೆ ಓರೆಯಾಗಿ ಬಡಿದು ಬೀಳಿಸೋದು, ಹೆಂಗೋ ಬೀಳುತ್ತೆ, ಆದ್ರೆ ವೈಟು (ಕ್ಯೂಲಿ ಹೊಡೆಯೋ ಬಿಳಿ ಬಾಲು), ಬೀಳಿಸಬೇಕಾದ ಬಾಲು, ಪಾಕೆಟ್ಟು ಮೂರೂ ಒಂದೇ ಗೆರೆ ಮೇಲೆ ನಿಂತು, ಸ್ವಲ್ಪ ದೂರ ಇದ್ರೆ ಸಾಕು, ಹತ್ತರಲ್ಲಿ ಆರು ಸಲ ಬಾಲ್ ಪಾಕೆಟ್ಟಿನ ಎಡಗಡೆ ಅಂಚಿಗೆ ಬಡಿದು ಆಚೆ ಬರುತ್ತೆ. ಬಲಗಡೆ ಯಾವತ್ತೂ ಇಲ್ಲ, ಎಡಗಡೆನೇ. ಇನ್ನೊಂದು, ವೈಟ್ ಹೋಗಿ ಬಾಲಿಗೆ ಬಡಿದು ನಿಂತ ಮೇಲೆ ನಿಂತಲ್ಲೇ ಬುಗುರಿ ಥರ ಗಿರಗಿರ ಸುತ್ತುತ್ತೆ, ನಾನು ಸೈಡ್ ಹಾಕಿರೋದೇ ಇಲ್ಲ, ಅಂದ್ರೆ ಬೇಕಂತ ಪಕ್ಕಕ್ಕೆ ಹೊಡೆದು ಸುತ್ತಿಸಿರಲ್ಲ, ನಟ್ಟನಡುವಿಗೇ ಗುರಿ ಇಟ್ಟಿರ್ತೀನಿ. ಗೆಳೆಯ ಹಿಂದೆ ನಿಂತು ಫೋನಲ್ಲಿ ವಿಡಿಯೋ ತೆಗೆದ. ಕೈ ಹಿಂದಕ್ಕೆ ಹೋಗುವಾಗ ನೆಟ್ಟಗೇ ಹೋಗುತ್ತೆ, ಮುಂದಕ್ಕೆ ಬರುವಾಗ ಕೊನೇ ಗಳಿಗೆಲಿ ಬಲಗೈ ಮೈ ಕಡೆ ಒಳಕ್ಕೆ ಬರುತ್ತೆ, ಆ ಕಡೆ ಟಿಪ್ ಬಲಕ್ಕೆ ಹೋಗುತ್ತೆ. ಅದನ್ನ ನಿಧಾನಕ್ಕೆ ಓಡಿಸಿ ಓಡಿಸಿ ಇಪ್ಪತ್ತು ಸಲ ನೋಡಿದೀನಿ.

ಇದಕ್ಕೆ ಅಂತ ಆನ್‌ಲೈನಲ್ಲಿ ಒಂದು ಗ್ಯಾಜೆಟ್ ತರಿಸಿದೆ. ಟೇಬಲ್ ಮೇಲೆ ಇಡೋದು, ಎರಡೂ ಕಡೆ ಪ್ಲಾಸ್ಟಿಕ್ ಗೋಡೆ, ನಡುವೆ ಕಿರಿದಾದ ಓಣಿ, ಆ ಓಣಿ ಒಳಗೆ ಕ್ಯೂ ಹೋಗಿ ಬರಬೇಕು. ಮೂರು ವಾರ ಬಿಡದೆ ಮಾಡಿದೆ. ಅದರೊಳಗೆ ಇರೋವರೆಗೂ ಹಳಿ ಮೇಲೆ ಲೋಕಲ್ ಹೋದಂಗೆ ಹೋಗುತ್ತೆ, ತೆಗೆದಿಟ್ಟು ಆಡಿದ ಎರಡನೇ ದಿನಕ್ಕೇ ಮತ್ತೆ ಎಡಗಡೆ ಅಂಚು. ಮಾರಿದವರನ್ನ ಕೇಳಿದ್ರೆ ಡಬ್ಬಿ ಒಡೆದ ಮೇಲೆ ವಾಪಸ್ ತಗೊಳ್ಳಲ್ಲ ಅಂದ್ರು. ದುಡ್ಡಿಗಿಂತ ಮೂರು ವಾರ ಹೋಯ್ತಲ್ಲ ಅಂತ ಹೊಟ್ಟೆ ಉರೀತು.

ಈಗ ಡಿಜಿಕ್ಯೂ ಅಂತ ಒಂದು ನೋಡ್ತಿದೀನಿ, ಕ್ಯೂ ಬುಡಕ್ಕೆ ರಬ್ಬರ್ ಟೋಪಿ ಥರ ಹಾಕೋದು, ಸ್ಟ್ರೋಕ್ (ಕ್ಯೂ ಹಿಂದಕ್ಕೆ ಎಳೆದು ಮುಂದಕ್ಕೆ ಹೊಡೆಯೋದು) ಸೊಟ್ಟ ಹೋದ್ರೆ ಗುರ್ ಅಂತ ನಡುಗುತ್ತೆ, ಫೋನಿನ ಆ್ಯಪ್‌ಗೆ ಲೆಕ್ಕನೂ ಕಳಿಸುತ್ತೆ. ಅದು ಬೆಲೆ ಜಾಸ್ತಿ. ತಗೊಳ್ಳಲಾ? ಅಥವಾ ಇಂಥ ಸಾಮಾನುಗಳಿಂದ ಕೈ ಸರಿಹೋಗೋದೇ ಇಲ್ವಾ? ಮನೇಲಿ ಟೇಬಲ್ ಇಲ್ಲ, ಒಂದು ಬೆಡ್‌ರೂಮಿನ ಬಾಡಿಗೆ ಮನೆ, ಮನೇಲೂ ಮಾಡೋ ಥರ ಏನಾದ್ರೂ ಇದ್ರೆ ದಯವಿಟ್ಟು ಹೇಳಿ.

ನೆರೂಳ್_ನಾಗು

ಗ್ಯಾಜೆಟ್ ಆಮೇಲೆ ನೋಡೋಣ, ಮೊದಲು ಒಂದು ಖಾಲಿ ನೀರಿನ ಬಾಟಲಿ ತಗೊಳ್ಳಿ. ಟೇಬಲ್ ಮೇಲೆ ಅಡ್ಡ ಮಲಗಿಸಿ, ಬಾಯಿ ನಿಮ್ಮ ಕಡೆ. ಬಾಟಲಿ ಬಾಯಿ ಒಳಗೆ ಸುಮಾರು ಎರಡು ಸೆಂಟಿಮೀಟರ್ ಇರುತ್ತೆ, ನಿಮ್ಮ ಟಿಪ್ಪು 13 ಮಿಲಿಮೀಟರ್, ಅಂದ್ರೆ ಒಂದೊಂದು ಕಡೆ ಮೂರು ನಾಲ್ಕು ಮಿಲಿಮೀಟರ್ ಜಾಗ ಅಷ್ಟೇ. ಮುಟ್ಟದೆ ಒಳಗೆ ಹೋಗಿ ಮುಟ್ಟದೆ ಆಚೆ ಬರಬೇಕು. ಮುಟ್ಟಿದ್ರೆ ಪ್ಲಾಸ್ಟಿಕ್ ಟಕ್ ಅನ್ನುತ್ತೆ, ಬಾಟಲಿ ಹೊರಳುತ್ತೆ, ಗೊತ್ತಾಗಿಬಿಡುತ್ತೆ. ಗಾಜಿನ ಬಾಟಲಿ ಬೇಡ, ಟಿಪ್ ಕೆಳಗಿನ ಬಿಳಿ ಫೆರುಲ್ ಒಡೀಬಹುದು. ನಾನು ಮೊದಲು ಹತ್ತು ಸಲಕ್ಕೆ ಏಳು ಸಲ ಟಕ್ ಅನ್ನಿಸ್ತಿದ್ದೆ.

ಮನೇಲಿ ಡೈನಿಂಗ್ ಟೇಬಲ್ ಇದ್ರೆ ಅದರ ಮೇಲೇ ಮಾಡಿ. ಇನ್ನೊಂದು, ನೆಲದ ಟೈಲ್ಸ್ ಜೋಡಿಸಿರೋ ಗೆರೆ ಇರುತ್ತಲ್ಲ, ಕ್ಯೂ ಸರಿಯಾಗಿ ಆ ಗೆರೆ ಮೇಲೆ ಬರೋ ಥರ ನಿಂತ್ಕೊಂಡು ಫೋನನ್ನ ಹಿಂದೆ ಸ್ಟೂಲ್ ಮೇಲಿಟ್ಟು ವಿಡಿಯೋ ತಗೊಳ್ಳಿ. ಗೆರೆ ಬಿಟ್ಟು ಕ್ಯೂ ಎಲ್ಲಿ ಸರೀತು ಅಂತ ಕಣ್ಣಿಗೆ ರಾಚುತ್ತೆ.

ಮುಲುಂಡ್_ಕುಡ್ಲ

ಮಾರಾಯ್ರೇ, ನಿಮ್ಮ ಆ ಓಣಿ ಸಾಮಾನು ಬಿಸಾಡ್ಬೇಡಿ, ಅದರಲ್ಲಿ ಕೆಲಸ ಉಂಟು, ಹೇಗೆ ಅಂತ ಆಮೇಲೆ ಹೇಳ್ತೇನೆ. ಮೊದಲು ಒಂದು ಮಾತು ಕೇಳಿ. ನೀವು ಬರೆದದ್ದು ಇಡೀ ಓದಿದೆ, ಎಲ್ಲ ತಪ್ಪು ಕೈಯ ತಲೆಗೆ ಕಟ್ಟಿದ್ದೀರಿ. ನನಗೆ ಕೈಯ ಮೇಲೆ ಅಷ್ಟು ಸಂಶಯ ಇಲ್ಲ.

ನಾನು ಮುಂಬೈಗೆ ಬಂದದ್ದು 2001ರಲ್ಲಿ, ಮಾವನ ಹೋಟೆಲಿನ ಕೌಂಟರಲ್ಲಿ ಕೂತ್ಕೊಳ್ಳಿಕ್ಕೆ. ಮಧ್ಯಾಹ್ನ ಊಟದ ರಶ್ ಮುಗಿದು ಸಂಜೆ ತಿಂಡಿ ಶುರು ಆಗುವ ತನಕ ಎರಡು ಗಂಟೆ ಬಿಡುವು ಇರ್ತಿತ್ತು. ಹೋಟೆಲಿಗೆ ಬರ್ತಿದ್ದ ಒಬ್ಬರು ಹತ್ತಿರದ ಜಿಮ್‌ಖಾನಾದ ಮೆಂಬರ್, ಅವರು ಗೆಸ್ಟ್ ಅಂತ ಕರ್ಕೊಂಡು ಹೋಗ್ತಿದ್ರು. ಅಲ್ಲಿಯ ಮಾರ್ಕರ್ ಒಬ್ಬರು ವಯಸ್ಸಾದವರು, ಬಾಲ್ ಒರೆಸುವುದು, ಸ್ಕೋರ್ ಹೇಳುವುದು, ಬಟ್ಟೆಗೆ ಬ್ರಷ್ ಹೊಡೆಯುವುದು ಅವರ ಕೆಲಸ, ಆದರೆ ಆಟದ ಬಗ್ಗೆ ಅವರಿಗೆ ಗೊತ್ತಿದ್ದಷ್ಟು ಅಲ್ಲಿಯ ಮೆಂಬರುಗಳಿಗೆ ಯಾರಿಗೂ ಗೊತ್ತಿರಲಿಲ್ಲ. ನಾನು ಅವರ ಮುಂದೆ ನೇರ ಶಾಟ್ ಹೊಡೆದು ತಪ್ಪಿಸಿದೆ, ಕೈ ಸೊಟ್ಟ ಹೋಗ್ತಾ ಉಂಟು ಅಂತ ಹೇಳಿದೆ. ಅವರು ಎಂತ ಮಾಡಿದ್ರು ಗೊತ್ತುಂಟಾ, ಮುಂದೆ ಇದ್ದ ಬಾಲ್ ಎತ್ತಿಬಿಟ್ರು. ಬರೀ ವೈಟ್ ಬಿಟ್ರು. ಈಗ ಹೊಡಿ, ಎದುರು ಕುಶನ್‌ಗೆ (ಟೇಬಲಿನ ರಬ್ಬರ್ ಅಂಚು) ಹೋಗಿ ನಿನ್ನ ಟಿಪ್ಪಿಗೇ ವಾಪಸ್ ಬರ್ಬೇಕು ಅಂದ್ರು. ಹೊಡೆದೆ. ಬಂತು. ಇನ್ನೊಂದು ಹೊಡೆದೆ, ಅದೂ ಬಂತು. ಹತ್ತರಲ್ಲಿ ಎಂಟು ಬಂತು. ಹಾಗಾದ್ರೆ ಕೈಗೆ ರೋಗ ಎಲ್ಲುಂಟು?

ಇದನ್ನು ನೀವೂ ಮಾಡಿ. ವೈಟಿನ ಬದಲು ಪಟ್ಟೆ ಇರುವ 9 ನಂಬರ್ ಬಾಲ್ ತಗೊಳ್ಳಿ, ಹಳದಿ ಪಟ್ಟೆ ಚಕ್ರದ ಹಾಗೆ ನೆಟ್ಟಗೆ ನಿಲ್ಲುವ ಹಾಗೆ, ಹೊಡೆಯುವ ಗೆರೆಯ ಮೇಲೆಯೇ ಇಡಿ. ನಡುವಿಗೆ ಸರಿಯಾಗಿ ತಾಗಿದ್ರೆ ಪಟ್ಟೆ ಅಲುಗಾಡದೆ ಚಕ್ರ ಉರುಳಿದ ಹಾಗೆ ಉರುಳ್ತದೆ, ಚೂರು ಸೈಡ್ ತಾಗಿದ್ರೂ ಪಟ್ಟೆ ಓಲಾಡ್ತದೆ. ಇದಕ್ಕೆ ಪೈಸೆ ಖರ್ಚಿಲ್ಲ.

ಈಗ ಎರಡು ದಾರಿ. ಮುಂದೆ ಬಾಲ್ ಇಲ್ಲದಾಗಲೂ ಪಟ್ಟೆ ಓಲಾಡ್ತದೆ ಅಂತಾದ್ರೆ ತಪ್ಪು ಕೈಯಲ್ಲಿ ಅಥವಾ ನಿಲ್ಲುವುದರಲ್ಲಿ ಉಂಟು. ಹೆಚ್ಚಾಗಿ ಕಾಲು ತುಂಬ ಹತ್ತಿರ ಇಟ್ಟು ಸೊಂಟ ಅಡ್ಡ ಬರ್ತದೆ, ಕ್ಯೂಗೆ ಹೋಗ್ಲಿಕ್ಕೆ ಜಾಗ ಇಲ್ಲದೆ ಕೈ ಸುತ್ತು ಹಾಕ್ತದೆ. ಇಲ್ಲದಿದ್ರೆ ಹಿಂದಿನ ಕೈಯಲ್ಲಿ ಕ್ಯೂವನ್ನು ಬಸ್ಸಿನ ಕಂಬಿ ಹಿಡಿದ ಹಾಗೆ ಗಟ್ಟಿ ಹಿಡಿದಿರ್ತೀರಿ, ಹೊಡೆಯುವಾಗ ಮುಷ್ಟಿ ಬಿಗಿಯಾಗಿ ಮಣಿಕಟ್ಟು ತಿರುಗ್ತದೆ. ಆದರೆ ಬರೀ ವೈಟ್ ಸರಿ ಹೋಗ್ತದೆ, ಮುಂದೆ ಬಾಲ್ ಇಟ್ಟ ಕೂಡಲೇ ಕೈ ತಿರುಗ್ತದೆ ಅಂತಾದ್ರೆ ಕೈ ತಪ್ಪು ಮಾಡುವುದಲ್ಲ, ತಪ್ಪನ್ನು ತಿದ್ದುವುದು. ನೀವು ಬಗ್ಗಿ ನಿಂತಾಗಲೇ ಕ್ಯೂ ಗೆರೆ ಬಿಟ್ಟು ಸ್ವಲ್ಪ ಎಡಕ್ಕೆ ನೋಡ್ತಾ ಉಂಟು. ಕಣ್ಣಿಗೆ ಅದು ನೇರ ಕಾಣ್ತದೆ, ಒಳಗಿನ ಮನಸ್ಸಿಗೆ ಎಲ್ಲೋ ಗೊತ್ತುಂಟು ಇದು ಸರಿ ಇಲ್ಲ ಅಂತ, ಕೊನೆಗೆ ಕೈ ಬಂದು ಬಲಕ್ಕೆ ತಳ್ತದೆ. ಅಂಥ ಕೈಯನ್ನು ಎರಡು ಗೋಡೆಯ ನಡುವೆ ಕಟ್ಟಿ ಹಾಕಿದ್ರೆ ಎಂತ ಪ್ರಯೋಜನ? ಗೋಡೆ ತೆಗೆದ ಕೂಡಲೇ ಅದು ತನ್ನ ಕೆಲಸಕ್ಕೆ ವಾಪಸ್.

ಆ ಮಾರ್ಕರ್ ಕೊನೆಗೆ ನನಗೆ ಕೊಟ್ಟ ಸಾಧನ ನಾಲ್ಕು ಚಾಕ್, ಟಿಪ್ಪಿಗೆ ಉಜ್ಜುವ ನೀಲಿ ಗಟ್ಟಿಗಳು. ಬ್ರಿಡ್ಜ್ ಕೈಯ (ಟೇಬಲ್ ಮೇಲೆ ಇಟ್ಟು ಕ್ಯೂಗೆ ಆಸರೆ ಕೊಡುವ ಕೈ) ಮುಂದೆ, ಕ್ಯೂನ ಒಂದೊಂದು ಬದಿಗೆ ಒಂದರ ಮೇಲೆ ಒಂದು ಎರಡೆರಡು ಚಾಕ್. ಒಂದೇ ಇಟ್ರೆ ಸಾಕಾಗುದಿಲ್ಲ, ಬಾಲಿನ ನಡು ಒಂದು ಇಂಚಿಗಿಂತ ಮೇಲೆ ಇರುವ ಕಾರಣ ಕ್ಯೂ ಚಾಕಿನ ತಲೆ ಮೇಲೆ ಹಾದು ಹೋಗ್ತದೆ. ಕ್ಯೂಗೂ ಚಾಕಿಗೂ ನಡುವೆ ಒಂದು ಬೆಂಕಿಕಡ್ಡಿ ದಪ್ಪ ಸಂದು ಬಿಡಿ. ಕ್ಯೂ ನೆಟ್ಟಗೆ ಹೋದ್ರೆ ಎಂತದ್ದೂ ಆಗುದಿಲ್ಲ. ಸೊಟ್ಟ ಹೋದ್ರೆ ಮೇಲಿನ ಚಾಕ್ ಬೀಳ್ತದೆ. ಬಲಗಡೆಯದ್ದು ಬಿತ್ತೋ ಎಡಗಡೆಯದ್ದು ಬಿತ್ತೋ ನೋಡ್ಬೇಕು, ಮತ್ತೆ ಇಡ್ಬೇಕು, ಮತ್ತೆ ಹೊಡೀಬೇಕು. ಚಾಕ್ ನಿಮ್ಮನ್ನು ತಡೆಯುದಿಲ್ಲ, ತಪ್ಪು ಮಾಡ್ಲಿಕ್ಕೆ ಬಿಡ್ತದೆ, ಮಾಡಿದ ಮೇಲೆ ಹೇಳ್ತದೆ. ನಿಮ್ಮ ಓಣಿ ಸಾಮಾನನ್ನೂ ಹೀಗೇ ಮಾಡಿ. ಗೋಡೆ ಸರಿಸ್ಲಿಕ್ಕೆ ಬರ್ತದಾದ್ರೆ ಅಗಲ ಮಾಡಿ, ಗೋಡೆಯ ಒಳಬದಿಗೆ ಚಾಕ್ ಉಜ್ಜಿ, ಹತ್ತು ಸ್ಟ್ರೋಕ್ ಆದ ಮೇಲೆ ಶಾಫ್ಟಿನ (ಕ್ಯೂನ ಮುಂದಿನ ಭಾಗ) ಯಾವ ಬದಿ ನೀಲಿ ಆಗಿದೆ ನೋಡಿ.

ಥಾಣೆ_ಮೈಸೂರಿಗ

ಸರ್, ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಬಾಲ್ ಎತ್ತಿಟ್ಟು ಬರೀ ವೈಟ್ ಹೊಡೆಯೋದು ನನಗೆ ಹೊಳೆದೇ ಇರಲಿಲ್ಲ, ನಾಳೆನೇ ಮಾಡ್ತೀನಿ. ಒಂದು ಪ್ರಶ್ನೆ. ಕೈ ಕೊನೇಲಿ ಬಲಕ್ಕೆ ತಳ್ಳಿ ಸರಿ ಮಾಡುತ್ತೆ ಅಂದ್ರೆ ಬಾಲ್ ಬೀಳಬೇಕಲ್ವಾ, ಮತ್ತೆ ಎಡಗಡೆ ಯಾಕೆ ಹೋಗುತ್ತೆ? ಟಿಪ್ ಬಲಕ್ಕೆ ಹೋದ್ರೆ ಬಾಲೂ ಬಲಕ್ಕೆ ತಾನೇ ತಪ್ಪಬೇಕು?

ಭೋಸರಿ_ಧಾರವಾಡ

ನಮಸ್ಕಾರ ರೀ. ನಾ ಪುಣೆದಾಗ ಭೋಸರಿ ಕಡೆ ಮಷೀನ್ ಶಾಪಿನ್ಯಾಗ ಕ್ವಾಲಿಟಿ ನೋಡ್ತೀನಿ, ಹನ್ನೊಂದು ವರ್ಷ ಆತು, ಆಟ ಭಾಳ ಹಚ್ಚಿಕೊಂಡೀನಿ. ನಿಮ್ಮ ಪ್ರಶ್ನೆಗೆ ಉತ್ತರ ನಾ ಹೇಳ್ತೀನಿ.

ಟಿಪ್ ಬಲಕ್ಕ ಹೋತು ಅಂದ್ರ ವೈಟಿನ ಬಲಗಡೆ ಹೊಡತ ಬಿತ್ತು. ಕ್ಯೂ ಬಲಕ್ಕ ತಿರುಗೇದ ಖರೇ, ಆದ್ರ ನಡು ಬಿಟ್ಟು ಬಲಕ್ಕ ಹೊಡದ್ರ ವೈಟು ಕ್ಯೂನ ದಿಕ್ಕಿನ್ಯಾಗ ಪೂರಾ ಹೋಗೂದಿಲ್ಲ, ಸ್ವಲ್ಪ ಎಡಕ್ಕ ಜಾರತದ. ಹಿಂಗಾಗಿ ಒಂದು ಬಲ ಒಂದು ಎಡ ಕೂಡಿ ವೈಟು ಹೆಚ್ಚುಕಡಿಮಿ ಗೆರಿ ಮ್ಯಾಲೆನ ಹೋಗಿ ಬಾಲಿಗೆ ಮುಟ್ಟತದ. ಆದ್ರ ಬಲಗಡೆ ಹೊಡತ ಬಿದ್ದದ್ದಕ್ಕ ಅದು ಸುತ್ತಿಕೋತ ಹೋಗತದ, ಮ್ಯಾಲಿಂದ ನೋಡಿದ್ರ ಗಡಿಯಾರದ ಮುಳ್ಳಿನ ವಿರುದ್ಧ. ಬಾಲಿಗೆ ಮುಟ್ಟಿದ ಕ್ಷಣ ವೈಟಿನ ಮೂತಿ ಎಡಕ್ಕ ಸರೀತಿರತದ, ಆ ತಿಕ್ಕಾಟ ಬಾಲನ್ನ ಎಡಕ್ಕ ಎಳೀತದ. ಅದಕ್ಕ ನಿಮ್ಮ ಬಾಲು ಎಡ ಅಂಚಿಗೆ, ವೈಟು ನಿಂತಲ್ಲೇ ಬುಗುರಿ. ಎರಡೂ ಒಂದ ರೋಗದ ಎರಡು ಗುರುತು. ನೀವು ಬುಗುರಿ ಅಂತ ಬರದ್ರಲ್ಲ, ಆ ಒಂದು ಮಾತು ಓದಿದಾಗಲೇ ನನಗ ಗೊತ್ತಾತು.

ಎಷ್ಟು ಸಣ್ಣ ತಪ್ಪಿಗೆ ಎಷ್ಟು ದೊಡ್ಡ ದಂಡ ಅದ ನೋಡ್ರಿ. ಪೂಲ್ ಬಾಲಿನ ವ್ಯಾಸ 57.15 ಮಿಲಿಮೀಟರ್. ವೈಟು ಬಾಲಿಗೆ ಮುಟ್ಟೂಮುಂದ ಗೆರಿ ಬಿಟ್ಟು ಬರೇ 1 ಮಿಲಿಮೀಟರ್ ಸರದಿತ್ತಂದ್ರ ಬಾಲು 1 ಡಿಗ್ರಿ ಸೊಟ್ಟ ಹೋಗತದ. ಪಾಕೆಟ್ 60 ಇಂಚು ದೂರ ಇದ್ರ 1 ಡಿಗ್ರಿ ಅಂದ್ರ 1 ಇಂಚಿಗಿಂತ ಸ್ವಲ್ಪ ಜಾಸ್ತಿ. ಟೂರ್ನಮೆಂಟ್ ಟೇಬಲ್ಲಿನ ಕಾರ್ನರ್ ಪಾಕೆಟ್ ಬಾಯಿ ನಾಲ್ಕೂವರಿ ಇಂಚು, ಬಾಲು ಎರಡೂಕಾಲು, ಅಂದ್ರ ಒಂದೊಂದು ಕಡೆ ನಿಮಗ ಇರೂ ಜಾಗ 1.125 ಇಂಚು. ಒಂದು ಮಿಲಿಮೀಟರಿಗೆ ನಿಮ್ಮ ಜಾಗ ಹೆಚ್ಚುಕಡಿಮಿ ಎಲ್ಲಾ ಮುಗೀತು. ನೇರ ಶಾಟ್ ಸರಳ ಅಂತಾರ, ಅಲ್ಲರೀ, ಅದರಾಗ ಏನೂ ಮುಚ್ಚಿಡಾಕ ಬರೂದಿಲ್ಲ.

ಈಗ ಗ್ಯಾಜೆಟ್ ವಿಷಯ. ಶಾಪಿನ್ಯಾಗ ನಮ್ಮ ಹತ್ರ ಎರಡು ಥರದ ಸಾಮಾನು ಇರತಾವ. ಒಂದು ಜಿಗ್, ಡ್ರಿಲ್ ಅದರ ತೂತಿನ್ಯಾಗ ಹಾದು ಹೋಗತದ, ಸೊಟ್ಟ ಹೋಗಾಕ ಬಿಡೂದ ಇಲ್ಲ. ಇನ್ನೊಂದು ಗೇಜ್, ಕೆಲಸ ಆದಮ್ಯಾಲೆ ಹಚ್ಚಿ ನೋಡೂದು, ಒಳಗ ಹೋತಂದ್ರ ಪಾಸು, ಇಲ್ಲಾಂದ್ರ ಫೇಲು. ಹತ್ತು ವರ್ಷ ಜಿಗ್ ಮ್ಯಾಲೆ ಡ್ರಿಲ್ ಹೊಡದವನ ಕೈಗೆ ಬರೇ ಡ್ರಿಲ್ ಕೊಡ್ರಿ, ನೆಟ್ಟಗ ಹೊಡಿಯಾಕ ಬರೂದಿಲ್ಲ, ಯಾಕಂದ್ರ ಅವನ ಕೈ ಎಂದೂ ತಪ್ಪೇ ಮಾಡಿಲ್ಲ. ನಿಮ್ಮ ಓಣಿ ಸಾಮಾನು ಜಿಗ್. ಬಾಟಲಿ, ಮುಲುಂಡದವರ ನಾಲ್ಕು ಚಾಕ್, ಪಟ್ಟೆ ಬಾಲು ಇವೆಲ್ಲಾ ಗೇಜ್.

ಡಿಜಿಕ್ಯೂನೂ ಗೇಜ್ ಜಾತಿದ, ಅದಕ್ಕ ಅದು ಬ್ಯಾಡ ಅನ್ನೂದಿಲ್ಲ. ನನ್ನ ಗೆಳೆಯನ ಹತ್ರ ಅದ, ಒಂದು ತಿಂಗಳು ನಾ ಹಚ್ಚಿ ಆಡೀನಿ. ಸ್ಟ್ರೋಕ್ ಸೊಟ್ಟ ಹೋದ್ರ ಹೇಳತದ, ಹಿಂದ ಎಳದು ಮುಂದ ಬರೂ ನಡುವಿನ ತಡ ಎಷ್ಟು, ಹೊಡದ ಮ್ಯಾಲೆ ಕ್ಯೂ ಸ್ಥಿರ ನಿಂತತೋ ಇಲ್ಲೋ ಅದನ್ನೂ ಹೇಳತದ. ಅದು ಹೇಳದೇ ಇರೂದು ಒಂದ, ನೀವು ನಿಂತದ್ದ ಸೊಟ್ಟ ಇದ್ರ ಅದಕ್ಕ ತಿಳಿಯೂದಿಲ್ಲ. ಸೊಟ್ಟ ಗೆರಿ ಮ್ಯಾಲೆ ನೆಟ್ಟಗ ಹೊಡದ್ರೂ ಅದು ಭೇಷ್ ಅಂತದ. ಮತ್ತ ಪ್ರತಿ ಶಾಟಿಗೂ ಫೋನ್ ನೋಡಬ್ಯಾಡ್ರಿ. ಕೈಚಳಕ ಕಲಿಯೂದರ ಬಗ್ಗೆ 1984ರಾಗ ಸಾಲ್ಮೋನಿ, ಶ್ಮಿಟ್, ವಾಲ್ಟರ್ ಅಂತ ಮೂವರು ಸಂಶೋಧಕರು ಇದನ್ನ ಹೇಳ್ಯಾರ, ಪ್ರತಿ ಸಲ ಸರಿ ತಪ್ಪು ಹೇಳಿಕೋತ ಹೋದ್ರ ಆ ಹೊತ್ತಿಗೆ ಕೆಲಸ ಚಲೋ ಕಾಣತದ, ಹೇಳೂದು ನಿಂತ ಮ್ಯಾಲೆ ಉಳಿಯೂದಿಲ್ಲ. ಹತ್ತು ಹೊಡೀರಿ, ಎಷ್ಟು ಸೊಟ್ಟ ಹೋತು ಅಂತ ನೀವ ಮನಸಿನ್ಯಾಗ ಹೇಳಿಕೊಳ್ರಿ, ಆಮ್ಯಾಲೆ ಫೋನ್ ನೋಡ್ರಿ.

ಮನ್ಯಾಗ ಮಾಡಾಕ ನಂದೊಂದು ಸಾಧನ ಅದ, ಬೀರು ಕನ್ನಡಿ. ಬೀರು ಮುಂದ ಒಂದು ಮೇಜು ಇಟ್ಟು ಬಗ್ಗಿ ನಿಂತು ಕ್ಯೂ ನೇರ ಕನ್ನಡಿಗೆ ಹಿಡೀರಿ. ಕ್ಯೂ, ಕನ್ನಡಿಯೊಳಗಿನ ಕ್ಯೂ, ಎರಡೂ ಕೂಡಿ ಒಂದ ಉದ್ದನ ಕೋಲು ಕಾಣಬೇಕು. ಮುರದಂಗ ಕಂಡ್ರ ಕ್ಯೂ ಓರೆ ಅದ. ಒಂದ ಕೋಲು ಆದಮ್ಯಾಲೆ ಅಲ್ಲಾಡದ ನಿಮ್ಮ ಮುಖ ನೋಡಿಕೊಳ್ರಿ, ಕ್ಯೂ ನಿಮ್ಮ ಗದ್ದದ ಯಾವ ಭಾಗದ ಕೆಳಗ ಅದ? ನಟ್ಟನಡುವ ಇರಬೇಕು ಅಂತ ಏನಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಕಣ್ಣು ಜೋರು ಇರತದ, ಆದ್ರ ನಿಮ್ಮ ಜಾಗ ಯಾವುದು ಅಂತ ಗೊತ್ತಿರಬೇಕು, ದಿನಾ ಅಲ್ಲೇ ಬರಬೇಕು. ಹಿಂದ ಮೊಣಕೈನೂ ಕಾಣತದ, ಅದು ಕ್ಯೂ ಮ್ಯಾಲೆ ನೆಟ್ಟಗ ತೂಗು ಬಿದ್ದಂಗ ಇರಬೇಕು, ಗಾರೆ ಕೆಲಸದವರು ದಾರಕ್ಕ ಗುಂಡು ಕಟ್ಟಿ ಬಿಡತಾರಲ್ಲ ಹಂಗ.

ಇನ್ನೊಂದು ಮಾತು, ಇದಕ್ಕ ಸಂಬಂಧ ಇಲ್ಲ ಆದ್ರೂ ಹೇಳ್ತೀನಿ. ಭಾರತಕ್ಕ ಬಿಲಿಯರ್ಡ್ಸ್‌ನಾಗ ಮೊದಲ ವಿಶ್ವ ಪ್ರಶಸ್ತಿ ತಂದ ವಿಲ್ಸನ್ ಜೋನ್ಸ್ ಹುಟ್ಟಿದ್ದು ಪುಣೆದಾಗ, 1922ರಾಗ, ಗೆದ್ದದ್ದು 1958ರಾಗ ಕಲ್ಕತ್ತಾದಾಗ. ನಮ್ಮ ಬೆಂಗಳೂರಾಗ ಬೆಳದ ಪಂಕಜ್ ಅಡ್ವಾಣಿ ಹುಟ್ಟಿದ್ದೂ ಪುಣೆದಾಗ, 1985ರಾಗ. ಈ ಊರಿನ ಹಳೇ ಕ್ಲಬ್ಬುಗಳ ಟೇಬಲ್ ಮ್ಯಾಲೆ ಕೈ ಇಟ್ಟಾಗ ನನಗ ಇದು ನೆನಪಾಗತದ.

ಚೆಂಬೂರಿನ_ಅಪ್ಪ

ಎಲ್ಲರೂ ಆ ಗೋಡೆ ಇರೋ ಸಾಮಾನನ್ನ ತಳ್ಳಿ ಹಾಕ್ತಿದ್ದೀರಿ, ನಾನು ಪೂರ್ತಿ ಒಪ್ಪಲ್ಲ. ನನ್ನ ಮಗಳಿಗೆ 12 ವರ್ಷ, ಕಳೆದ ವರ್ಷ ಶುರು ಮಾಡಿದಳು. ಅವಳಿಗೆ ನೆಟ್ಟಗೆ ಅಂದ್ರೆ ಕೈಗೆ ಹೇಗನ್ನಿಸುತ್ತೆ ಅನ್ನೋದೇ ಗೊತ್ತಿರಲಿಲ್ಲ, ಚಾಕ್ ಇಟ್ರೆ ಪ್ರತಿ ಸಲ ಬೀಳೋದು, ಬಾಟಲಿ ಪ್ರತಿ ಸಲ ಹೊರಳೋದು, ಅಳೋಕೆ ಶುರು ಮಾಡಿದಳು. ಆಗ ಅಂಥದ್ದೇ ಒಂದು ಓಣಿ, ನಾನೇ ಎರಡು ಮರದ ಪಟ್ಟಿ ಹಲಗೆಗೆ ಮೊಳೆ ಹೊಡೆದು ಮಾಡಿಕೊಟ್ಟೆ, ಒಳಗಡೆ ಶಾಫ್ಟ್ ತರಚಬಾರದು ಅಂತ ಹಳೇ ಉಣ್ಣೆ ಶಾಲಿನ ತುಂಡು ಅಂಟಿಸಿದೆ. ಅದರಲ್ಲಿ ಐದು ಸ್ಟ್ರೋಕ್, ಆಮೇಲೆ ತಕ್ಷಣ ಓಣಿ ಇಲ್ಲದೆ ಕಣ್ಣು ಮುಚ್ಚಿ ಐದು ಸ್ಟ್ರೋಕ್. ಕಣ್ಣು ಮುಚ್ಚಿದಾಗ ಭುಜದಲ್ಲಿ, ಮೊಣಕೈಯಲ್ಲಿ ಏನನ್ನಿಸ್ತು ಅಂತ ಅವಳೇ ಹೇಳಬೇಕು. ಹತ್ತು ದಿನ ಅಷ್ಟೇ, ಆಮೇಲೆ ಓಣಿ ಅಟ್ಟಕ್ಕೆ. ಹೊಸಬರಿಗೆ ಕೈ ಹಿಡಿದು ಅಕ್ಷರ ತಿದ್ದಿಸಿದ ಹಾಗೆ ಅದು, ಮೊದಲು ಬೇಕು. ಮೂರು ವಾರ ಅದರೊಳಗೇ ಇದ್ದಿದ್ದು ಜಾಸ್ತಿ ಆಯ್ತು ಅಂತ ಮಾತ್ರ ನಾನು ಹೇಳೋದು.

ಮುಲುಂಡ್_ಕುಡ್ಲ

ಚೆಂಬೂರಿನವರೇ, ಕಣ್ಣು ಮುಚ್ಚಿ ಹೊಡೆಯುವುದು ಬಹಳ ಒಳ್ಳೆಯದು, ಅದನ್ನು ನಾನೂ ನಾಳೆಯಿಂದ ಮಾಡ್ತೇನೆ. ಹೊಸಬರ ವಿಷಯ ನೀವು ಹೇಳಿದ್ದು ಸರಿ, ನಾನು ಮಕ್ಕಳ ಬಗ್ಗೆ ಯೋಚನೆ ಮಾಡಿರಲಿಲ್ಲ.

ವಾಸ್ಕೋ_ಕಾರವಾರ

ನಾನು ಗೋವಾದಲ್ಲಿ ವಾಸ್ಕೋ. ಯಾರೂ ಹೇಳದೇ ಇದ್ದ ಎರಡು ವಿಷಯ ಹೇಳ್ತೆ.

ಒಂದು, ಮಳೆಗಾಲ. ಇಲ್ಲೂ ಅಷ್ಟೇ, ನಿಮ್ಮ ಮುಂಬೈಯಲ್ಲೂ ಅಷ್ಟೇ, ಜೂನ್ ಬಂತು ಅಂದ್ರೆ ಗಾಳಿಯಲ್ಲೇ ನೀರು. ಮರದ ಶಾಫ್ಟ್ ಬೆರಳಿನ ನಡುವೆ ಅಂಟ್ತದೆ, ಅಂಟಿ ಬಿಟ್ಟು ಅಂಟಿ ಬಿಟ್ಟು ಹೋದ್ರೆ ಎಂಥ ಕೈಯಾದ್ರೂ ಎಳೆದಾಡ್ತದೆ, ನೀವು ಸ್ಟ್ರೋಕ್ ಕೆಟ್ಟಿತು ಅಂದ್ಕೊಳ್ತೀರಿ. ಒಣ ಹತ್ತಿ ಬಟ್ಟೆಯಲ್ಲಿ ಶಾಫ್ಟನ್ನ ಬಿಸಿ ಆಗುವಷ್ಟು ಉಜ್ಜಿ, ಇಲ್ಲ ಮೂರು ಬೆರಳಿನ ಗ್ಲೌಸ್ ಹಾಕಿ. ಪೌಡರ್ ಮಾತ್ರ ಬೇಡ, ಟೇಬಲ್ ಬಟ್ಟೆ ಹಾಳಾಗ್ತದೆ, ಬಾಲೂ ಹೊಲಸಾಗ್ತದೆ.

ಎರಡು, ಕ್ಯೂ ನೆಟ್ಟಗಿದೆಯಾ ನೋಡಿದ್ರಾ? ಗೋಡೆಗೆ ಒರಗಿಸಿ ತಿಂಗಳುಗಟ್ಟಲೆ ಇಟ್ರೆ ಮರ ಬಾಗಬಹುದು. ಟೇಬಲ್ ಮೇಲೆ ಮಲಗಿಸಿ ಉರುಳಿಸಿ, ಟಿಪ್ ಮೇಲೆ ಕೆಳಗೆ ಕುಣಿದ್ರೆ ಬಾಗಿದೆ ಅಂತ. ಎರಡು ತುಂಡಿನ ಕ್ಯೂ ಆದ್ರೆ ಒಂದೊಂದು ತುಂಡನ್ನೂ ಬೇರೆ ಬೇರೆ ಉರುಳಿಸಿ ನೋಡಿ. ನಾನು ಬಾಗಿದ ಕ್ಯೂ ಹಿಡ್ಕೊಂಡು ಎಂಟು ತಿಂಗಳು ನನ್ನ ಕೈಯನ್ನೇ ಬೈದಿದ್ದೆ.

ಥಾಣೆ_ಮೈಸೂರಿಗ

ಐದು ವಾರ ಆದ ಮೇಲೆ ಬರೀತಿದೀನಿ, ತಡ ಆಯ್ತು, ಎಲ್ಲ ಮಾಡಿ ನೋಡಿ ಆಮೇಲೆ ಹೇಳೋಣ ಅಂತ ಕಾದೆ.

ಕ್ಯೂ ಉರುಳಿಸಿ ನೋಡಿದೆ, ನೆಟ್ಟಗಿದೆ. ಮುಲುಂಡ್ ಸರ್ ಹೇಳಿದಂಗೆ 9 ನಂಬರ್ ಬಾಲ್ ಇಟ್ಟು ಮುಂದೆ ಏನೂ ಇಲ್ಲದೆ ಇಪ್ಪತ್ತು ಸಲ ಹೊಡೆದೆ. ಹದಿನೈದು ಸಲ ಪಟ್ಟೆ ಅಲುಗಾಡಲಿಲ್ಲ. ಅಲ್ಲೇ ಟೇಬಲ್ ಅಂಚು ಹಿಡ್ಕೊಂಡು ಸ್ವಲ್ಪ ಹೊತ್ತು ನಿಂತುಬಿಟ್ಟೆ, ಯಾಕಂದ್ರೆ ನಾನು ಆರು ತಿಂಗಳಿಂದ ಬೈತಿದ್ದ ಕೈಲಿ ಅಷ್ಟು ದೊಡ್ಡ ತಪ್ಪು ಇರಲೇ ಇಲ್ಲ. ಮುಂದೆ ಬಾಲ್ ಇಟ್ಟೆ, ಮೊದಲನೇ ಶಾಟಿಗೇ ಪಟ್ಟೆ ಓಲಾಡ್ತು.

ಮನೇಲಿ ಬೀರು ಕನ್ನಡಿ ಮುಂದೆ ಇಸ್ತ್ರಿ ಮೇಜು ಇಟ್ಟು ಬಗ್ಗಿದೆ. ಕನ್ನಡಿಲಿ ಕ್ಯೂ ಮುರಿದಂಗೆ ಕಾಣ್ತು, ಸರಿ ಮಾಡಿ ಒಂದೇ ಕೋಲು ಮಾಡಿದ ಮೇಲೆ ಮುಖ ನೋಡ್ಕೊಂಡ್ರೆ ಕ್ಯೂ ಗದ್ದದ ನಡುವೆ ಇತ್ತು, ಆದ್ರೆ ನನಗೆ ಅದು ಸೊಟ್ಟ ಅನ್ನಿಸ್ತಿತ್ತು. ನಾನು ಮಾಮೂಲಿ ನಿಲ್ಲೋ ಥರ ನಿಂತ್ರೆ ಮುಖ ಕ್ಯೂಗಿಂತ ಅರ್ಧ ಇಂಚು ಬಲಕ್ಕೆ ಇರ್ತಿತ್ತು, ಅದೇ ನನ್ನ ಕಣ್ಣಿಗೆ ನೇರ. ಇದನ್ನ ಬದಲಾಯಿಸೋಕೆ ಮೊದಲ ವಾರ ಪ್ರಾಣ ಹೋಯ್ತು, ಎಲ್ಲ ಶಾಟೂ ತಪ್ಪು ಕಡೆ ನೋಡ್ತಿದೀನಿ ಅನ್ನಿಸೋದು, ಕಟ್ ಶಾಟ್ ಕೂಡ ಬೀಳೋದು ನಿಂತೋಯ್ತು. ದಿನಾ ರಾತ್ರಿ ಹತ್ತು ನಿಮಿಷ ಕನ್ನಡಿ ಮುಂದೆ ಬಗ್ಗೋದು ಏಳೋದು, ಬಗ್ಗೋದು ಏಳೋದು, ಹೊಡೆಯೋದೇ ಇಲ್ಲ, ಬರೀ ಬಗ್ಗಿದ ತಕ್ಷಣ ಗದ್ದ ಎಲ್ಲಿ ಬಂತು ಅಂತ ನೋಡೋದು.

ಓಣಿ ಸಾಮಾನಿನ ಗೋಡೆ ಸರಿಯೋ ಥರ ಇರಲಿಲ್ಲ, ಒಂದು ಕಡೆ ಸ್ಕ್ರೂ ತೆಗೆದು ನಡುವೆ ರಟ್ಟು ಕೊಟ್ಟು ಅಗಲ ಮಾಡಿದೆ, ಒಳಗೆ ಚಾಕ್ ಉಜ್ಜಿದೆ. ಮೊದಲ ದಿನ ಶಾಫ್ಟಿನ ಬಲಗಡೆ ಬಟ್ಟಿನಗಲ ನೀಲಿ ಪಟ್ಟೆ ಬಿದ್ದಿತ್ತು, ಎಡಗಡೆ ಒಂದು ಚುಕ್ಕೆನೂ ಇಲ್ಲ. ಮೊನ್ನೆ ನೋಡಿದ್ರೆ ಬಲಗಡೆ ಎರಡು ಗೀರು, ಎಡಗಡೆ ಒಂದು. ಡಿಜಿಕ್ಯೂ ತಗೊಳ್ಳೋದು ಸದ್ಯಕ್ಕೆ ಬಿಟ್ಟಿದೀನಿ, ನಾನು ನಿಲ್ಲೋದು ಸರಿಯಾದ ಮೇಲೆ ತಗೋತೀನಿ.

ನಿನ್ನೆ ಅದೇ ಅರ್ಧ ಟೇಬಲ್ ದೂರದ ನೇರ ಶಾಟ್ ಇಪ್ಪತ್ತು ಹೊಡೆದೆ. ಹದಿಮೂರು ಬಿತ್ತು. ತಪ್ಪಿದ ಏಳರಲ್ಲಿ ನಾಲ್ಕು ಎಡಕ್ಕೆ, ಮೂರು ಬಲಕ್ಕೆ. ಬಲಕ್ಕೆ ತಪ್ಪಿದ್ದು ಇದೇ ಮೊದಲು, ಅದಕ್ಕೇ ಜಾಸ್ತಿ ಖುಷಿ ಆಯ್ತು. ಆದ್ರೆ ಜೋರಾಗಿ ಹೊಡೆದಾಗ ಮಾತ್ರ ವೈಟ್ ಈಗಲೂ ಬುಗುರಿ ಆಗುತ್ತೆ, ಮೆಲ್ಲಗೆ ಹೊಡೆದಾಗ ಇಲ್ಲ. ಇದು ಮುಷ್ಟಿ ಬಿಗಿ ಆಗೋದಾ? ಮುಲುಂಡ್ ಸರ್, ಥಾಣೆಯಿಂದ ಒಂದೇ ಸ್ಟೇಷನ್ನು, ಒಂದು ಭಾನುವಾರ ಬಂದ್ರೆ ನೋಡ್ತೀರಾ?

ಮುಲುಂಡ್_ಕುಡ್ಲ

ಮುಷ್ಟಿಯೇ ಆಗಿರ್ಬೇಕು, ಕಣ್ಣಲ್ಲಿ ನೋಡದೆ ಹೇಳ್ಲಿಕ್ಕೆ ಆಗುದಿಲ್ಲ. ಬನ್ನಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಂದ್ರೆ ಟೇಬಲ್ ಖಾಲಿ ಇರ್ತದೆ, ಹನ್ನೆರಡರ ಮೇಲೆ ಕಾಲೇಜು ಹುಡುಗರು ತುಂಬ್ತಾರೆ. ಕ್ಯೂ ತನ್ನಿ, ಚಾಕ್ ನಾನು ತರ್ತೇನೆ.